‘ಗಾಳಿ ಇತ್ತು ಸರ್ ಅಂದೆ’

ವಾಯುಪಡೆಯಲ್ಲಿ ಫೈಟರ್ (ಯುದ್ಧವಿಮಾನ) ಹಾರಿಸುವ ಅವಕಾಶ ಸಿಗದ ಹುಡುಗರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವುದು ಹೊಸದಲ್ಲ. ಇವನು ನಾಲ್ಕನೆಯವನು. ಉಳಿದ ಮೂವರ ಬಗ್ಗೆ ಬರೆಯಬೇಕು ಅನ್ನಿಸಿರಲಿಲ್ಲ, ಇವನಿಗೆ ಕೊಟ್ಟ ಸಲಹೆ ಮಾತ್ರ ಇನ್ನೂ ನನ್ನನ್ನು ಕಾಡುತ್ತಿದೆ. ಬರೆಯಲು ಅವನ ಒಪ್ಪಿಗೆಯಿದೆ. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಪಿಯುಸಿ ಮುಗಿಸಿ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆದವನು. ಲಿಖಿತ ಪರೀಕ್ಷೆಗೆ 900 ಅಂಕ, ಸಂದರ್ಶನಕ್ಕೆ ಮತ್ತೆ 900. ಅದಾದ ಮೇಲೆ ಪೈಲಟ್ ಆಗಲು ಬೇಕಾದ ಕಂಪ್ಯೂಟರ್ ಪರೀಕ್ಷೆ. ಇದರಲ್ಲಿ ಒಮ್ಮೆ ಫೇಲಾದರೆ ಜನ್ಮದಲ್ಲಿ ಮತ್ತೊಂದು ಅವಕಾಶವಿಲ್ಲ. ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ಉದ್ದವನ್ನೂ ಅಳೆಯುತ್ತಾರೆ, 99ರಿಂದ 120 ಸೆಂ.ಮೀ. ಒಳಗಿರಬೇಕು. ಇಷ್ಟೆಲ್ಲ ದಾಟಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ಆ ಅಕಾಡೆಮಿಯಲ್ಲಿ ಮೂರು ವರ್ಷ ಮುಗಿಸಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪಿಲಾಟಸ್ ಎಂಬ ತರಬೇತಿ ವಿಮಾನ ಹಾರಿಸಲು ಕಲಿತ. ದಾರಿ ಮೂರಾಗಿ ಒಡೆಯುವುದು ಆಮೇಲೆ: ಫೈಟರ್, ಸಾರಿಗೆ ವಿಮಾನ, ಹೆಲಿಕಾಪ್ಟರ್. ಫೈಟರ್‌ನವರು ಮುಂದೆ ಹಾಕ್ ವಿಮಾನ ಹಾರಿಸಲು ಬೀದರ್‌ಗೆ ಬರುತ್ತಾರೆ. ಸಾರಿಗೆಯವರಿಗೆ ಯಲಹಂಕ, ಹೆಲಿಕಾಪ್ಟರ್‌ನವರಿಗೆ ಹಕೀಂಪೇಟೆ. ‘ಮಗ ಬೀದರ್‌ಗೆ ಬರ್ತಾನೆ’ ಎಂದು ತಂದೆ ನೆಂಟರಿಗೆಲ್ಲ ಹೇಳಿಯಾಗಿತ್ತು. ಅವನಿಗೆ ಸಿಕ್ಕಿದ್ದು ಹೆಲಿಕಾಪ್ಟರ್.

ಮೊದಲೆರಡು ಭೇಟಿಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ನಿದ್ದೆ ಮೂರು ಗಂಟೆಗಿಂತ ಹೆಚ್ಚಿಲ್ಲ ಅಂದ. ಒಂದು ಮಾತು ಮಾತ್ರ ನೆನಪಿದೆ: “ಎಲ್ಲರೂ ನಂಗೆ ಸಿಯಾಚಿನ್ ಕಥೆ ಹೇಳ್ತಾರೆ ಮೇಡಂ, ಹೆಲಿಕಾಪ್ಟರ್ ಇಲ್ದಿದ್ರೆ ಅಲ್ಲಿ ಏನೂ ನಡಿಯಲ್ಲ ಅಂತ. ಸಾವಿನ ಮನೆಗೆ ಬಂದೋರು ಮಾತಾಡೋ ಹಾಗೆ.” ನಾನೂ 2013ರ ಕೇದಾರನಾಥದ ರಕ್ಷಣಾ ಕೆಲಸದ ಬಗ್ಗೆ ಹೇಳೋಣವೆಂದು ಸಿದ್ಧಳಾಗಿ ಕೂತಿದ್ದೆ. ಬಾಯಿ ಮುಚ್ಚಿಕೊಂಡೆ.

ಮೂರನೇ ಸಲ ಬಂದಾಗ ಮಾತು ಹುಟ್ಟಲೇ ಇಲ್ಲ. “ನಾನು ಹೆಲಿಕಾಪ್ಟರ್ ಹತ್ತಿದವಳೇ ಅಲ್ಲ. ಅದನ್ನ ಗಾಳೀಲಿ ಒಂದೇ ಕಡೆ ಹೇಗೆ ನಿಲ್ಲಿಸ್ತೀಯ, ತೋರ್ಸು” ಅಂದೆ. ಕುರ್ಚಿಯ ಅಂಚಿಗೆ ಸರಿದು ಕೂತ. ಬಲಗೈ ಮೊಣಕಾಲುಗಳ ನಡುವೆ, ಎಡಗೈ ಸೀಟಿನ ಪಕ್ಕ, ಪಾದಗಳು ಪೆಡಲ್ ಮೇಲೆ ಇಟ್ಟ ಹಾಗೆ. “ಎಡಗೈ ಲಿವರ್ ಮೇಲಕ್ಕೆಳೆದ್ರೆ ಏರುತ್ತೆ. ಏರಿದ ಕೂಡ್ಲೇ ಮೂತಿ ಒಂದ್ಕಡೆ ತಿರುಗುತ್ತೆ, ಕಾಲಲ್ಲಿ ತಡೀಬೇಕು. ಅಷ್ಟರಲ್ಲಿ ಪಕ್ಕಕ್ಕೆ ಜಾರುತ್ತೆ, ಬಲಗೈಲಿ ಹಿಡೀಬೇಕು. ಒಂದನ್ನ ಮುಟ್ಟಿದ್ರೆ ಉಳಿದೆರಡೂ ಕೆಡ್ತವೆ.” ದನಿಗೆ ಮೊದಲ ಬಾರಿ ಜೀವ ಬಂದಿತ್ತು. “ಈಗ ಇಳೀತಾ ಇದೀವಿ ಅಂದ್ಕೊಳ್ಳಿ. ನೆಲ ಹತ್ರ ಬಂತು, ಪವರ್ ಬೇಕು...”

ಎಡಗೈ ಮೇಲೇಳಲಿಲ್ಲ. ಮುಂದಕ್ಕೆ ಹೋಯಿತು.

ಅದು ಪಿಲಾಟಸ್‌ನ ಅಭ್ಯಾಸವಂತೆ, ಅಲ್ಲಿ ಪವರ್ ಬೇಕಾದರೆ ಮುಂದಕ್ಕೆ ತಳ್ಳಬೇಕು. ಅವನು ತನ್ನ ಕೈಯನ್ನೇ ನೋಡುತ್ತ ಕೂತ. ಬಹಳ ಹೊತ್ತಿನ ಮೇಲೆ, “ರಜೆಗೆ ಬರೋ ಮುಂಚೆ ನಿಜವಾಗ್ಲೂ ಹೀಗೇ ಆಯ್ತು. ಕೈ ಒಂದು ಕ್ಷಣ ತಪ್ಪು ಕಡೆಗೆ ಹೋಯ್ತು. ಇನ್‌ಸ್ಟ್ರಕ್ಟರ್ ಹಿಡ್ಕೊಂಡ್ರು. ಏನಾಯ್ತು ಅಂತ ಕೇಳಿದ್ರು. ಗಾಳಿ ಇತ್ತು ಸರ್ ಅಂದೆ.”

ಕೈ ತಪ್ಪಿದ್ದಕ್ಕೆ ನಾನು ದೊಡ್ಡ ಅರ್ಥ ಹುಡುಕುವುದಿಲ್ಲ. ಕಾರು ಬದಲಿಸಿದವರು ಇಂಡಿಕೇಟರ್ ಬದಲು ವೈಪರ್ ಹಾಕಿ ತಿರುಗುವುದಿಲ್ಲವೇ? ನನ್ನನ್ನು ಬೆಚ್ಚಿಸಿದ್ದು ಆ ಗಾಳಿ. ಹಾರಾಟದಿಂದ ತೆಗೆದರೆ ನೆಲದ ಮೇಲಿನ ಕೆಲಸವೇ ಗತಿ ಎಂಬ ಹೆದರಿಕೆಗೆ, ನಿದ್ದೆಗೆಟ್ಟ ಹುಡುಗ ಪಕ್ಕದಲ್ಲೇ ಕೂತವರಿಗೆ ಸುಳ್ಳು ಹೇಳಿದ್ದ.

ಮುಂದಿನ ಹಾರಾಟಕ್ಕೆ ಮೊದಲೇ ಇನ್‌ಸ್ಟ್ರಕ್ಟರ್ ಹತ್ತಿರ ಹೋಗು, ಕೈಯ ವಿಷಯ, ನಿದ್ದೆಯ ವಿಷಯ ಎರಡನ್ನೂ ಹೇಳು, ಗಾಳಿ ಇರಲಿಲ್ಲ ಅಂತಲೂ ಹೇಳು ಎಂದೆ. ಫೈಟರ್ ಮತ್ತೊಮ್ಮೆ ಪರಿಶೀಲಿಸಿ ಎಂದು ಬರೆದಿಟ್ಟುಕೊಂಡಿದ್ದ ಅರ್ಜಿ ಸದ್ಯಕ್ಕೆ ಚೀಲದಲ್ಲೇ ಇರಲಿ ಎಂದೆ. “ಮೆಡಿಕಲ್ ಕೆಟಗರಿ ಹೋದ್ರೆ?” ಅಂತ ಕೇಳಿದ, ಹಾರಲು ಯೋಗ್ಯ ಎಂಬ ವೈದ್ಯಕೀಯ ದರ್ಜೆಯ ಮಾತು ಅದು. ಹೋಗುವುದಿಲ್ಲ ಎಂದು ಭರವಸೆ ಕೊಡಲು ನನ್ನಿಂದ ಆಗಲಿಲ್ಲ. ಪ್ರಾಣಕ್ಕೆ ಅಪಾಯವಿದ್ದಾಗ ಗುಟ್ಟು ಕಾಯುವ ನಿಯಮ ನನ್ನನ್ನು ಕಟ್ಟಿಹಾಕುವುದಿಲ್ಲ, ನಾನು ಹೇಳುವ ಹಾಗಾಗದಿರಲಿ, ನೀನೇ ಹೇಳು ಎಂದೂ ಸೇರಿಸಿದೆ. ಬೆದರಿಕೆ ಅನ್ನುವುದಾದರೆ ಅದು ಬೆದರಿಕೆಯೇ.

“ನೀವು ಹುಡುಗನ ಪರವೋ, ವಾಯುಪಡೆಯ ಪರವೋ?” ಎಂದು ಇದೇ ವೃತ್ತಿಯ ಗೆಳತಿಯೊಬ್ಬಳು ಕೇಳಿದಳು. ಆ ಹೆಲಿಕಾಪ್ಟರಿನಲ್ಲಿ ಇನ್ನೊಂದು ಸೀಟು ಇದೆ, ಅದರಲ್ಲಿ ಒಬ್ಬರು ಕೂತಿರುತ್ತಾರೆ. ನಿಮ್ಮ ಹುಡುಗ ಫೇಲಾಗಿಲ್ಲ ಎಂದು ತಲೆ ಸವರಿ ಕಳಿಸಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು, ಅಷ್ಟೇ.

ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಗೆ ಮಕ್ಕಳನ್ನು ಕಳಿಸುವ ಮುನ್ನ ನನ್ನಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೆ ಈಗ ಒಂದು ಪ್ರಶ್ನೆ ಹಾಕುತ್ತೇನೆ: ಫೈಟರ್ ಸಿಗದಿದ್ದರೆ ಆ ಸಂಜೆ ಮಗ ಮೊದಲು ಯಾರಿಗೆ ಫೋನ್ ಮಾಡುತ್ತಾನೆ? ಹೆಚ್ಚಿನವರು ಬಿಡ್ತು ಅನ್ನಿ ಎನ್ನುತ್ತಾರೆ. ಈ ಹುಡುಗ ಹನ್ನೆರಡು ದಿನ ಯಾರಿಗೂ ಫೋನ್ ಮಾಡಿರಲಿಲ್ಲ. ಮನೆಯಲ್ಲಿ ಅಪಶಕುನವೆಂದು ಬಾಯಿಗೇ ಬಾರದ ಮಾತನ್ನು ಅವನು ಯಾವ ಮುಖದಲ್ಲಿ ಹೇಳಿಯಾನು? ಮೂರು ದಾರಿಗಳ ಹೆಸರನ್ನೂ ಊಟದ ಹೊತ್ತಿನಲ್ಲಿ ಒಮ್ಮೆಯಾದರೂ ಎತ್ತಿ. ಮಗನಿಗೆ ಫೈಟರೇ ಬೇಕೆಂದರೆ ಬೇಡ ಅನ್ನಬೇಕಿಲ್ಲ.

ಅವನು ಇನ್‌ಸ್ಟ್ರಕ್ಟರ್‌ಗೆ ಎಲ್ಲ ಹೇಳಿದ. ಕೆಲವು ದಿನ ಹಾರಾಟ ನಿಲ್ಲಿಸಿದರು, ವೈದ್ಯರು ನೋಡಿದರು, ಮತ್ತೆ ಶುರುವಾಯಿತು. ಕೊನೆಗೆ ಎದೆಯ ಮೇಲೆ ಪೈಲಟ್ ಬ್ಯಾಡ್ಜಿನ ರೆಕ್ಕೆ ಬಂತೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಸಲಹೆಯನ್ನು ಅದರಿಂದಲೇ ಅಳೆಯುತ್ತೀರಿ.

“ಕೈಗೆ ಬಂದ ತುತ್ತನ್ನ ನೀವೇ ತಪ್ಪಿಸ್ತಿದ್ರಲ್ಲ” ಎಂದು ತಂದೆ ಫೋನಿನಲ್ಲಿ ಕೂಗಾಡಿದರು. ಅಲ್ಲಿಂದ ಮಾತಿಲ್ಲ. ಬಾಕಿಯಿದ್ದ ಮೂರು ಭೇಟಿಗಳ ಫೀಸನ್ನು ಮಾತ್ರ ಮರುದಿನವೇ ಕಳಿಸಿದರು.