ಇಷ್ಟೊಂದು ಪಂಥ ಯಾಕೆ ಅಂತ ಕೇಳಿದ್ದೀರಿ

ಪತ್ರ: ಸ್ತ್ರೀವಾದದಲ್ಲಿ ಉದಾರವಾದಿ, ಸಮಾಜವಾದಿ, ರ‍್ಯಾಡಿಕಲ್ (ಗಂಡಾಳ್ವಿಕೆಯನ್ನೇ ಬುಡದಿಂದ ಕೀಳಬೇಕು ಅನ್ನುವವರು), ಕಪ್ಪು ಸ್ತ್ರೀವಾದ ಅಂತ ಇಷ್ಟೊಂದು ಪಂಥಗಳು ಯಾಕೆ? ಕಾನೂನಿನಲ್ಲಿ ಸಮಾನತೆ ಸಿಕ್ಕರೆ ಸಾಲದೆ? ಒಳಜಗಳದಿಂದಲೇ ಚಳವಳಿ ಸೊರಗಿತು ಅನಿಸುತ್ತದೆ.
– ಒಬ್ಬ ಓದುಗರು

ಸಂಪಾದಕರ ಉತ್ತರ: ಒಳ್ಳೆಯ ಪ್ರಶ್ನೆ. ಆದರೆ ನಿಮ್ಮ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಕಾನೂನಿನ ದಾರಿ ಹಿಡಿದ ಉದಾರವಾದಿಗಳ ಬಗ್ಗೆ ನನಗೆ ಗೌರವ ಇದೆ. ಹೆಣ್ಣುಮಕ್ಕಳಿಗೂ ವಿದ್ಯೆ ಬೇಕು ಅಂತ 1792ರಲ್ಲೇ ವಾದಿಸಿದ ಇಂಗ್ಲೆಂಡಿನ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, 1848ರಲ್ಲಿ ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ ಸೇರಿ ಮತದ ಹಕ್ಕು ಕೇಳಿದವರು, ಇವರೆಲ್ಲರ ಋಣ ದೊಡ್ಡದು. ಆದರೆ ಆ ಹಕ್ಕು ಮೊದಲು ಯಾರ ಕೈಗೆ ಬಂತು ನೋಡಿ. ಬ್ರಿಟನ್ 1918ರಲ್ಲಿ ಮತ ಕೊಟ್ಟಿದ್ದು 30 ದಾಟಿದ, ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ. ಗಂಡಸರಿಗೆ 21 ಆದರೆ ಸಾಕಿತ್ತು. ಮಿಲ್ಲಿನಲ್ಲಿ ದುಡಿಯುವ ಹುಡುಗಿ 1928ರವರೆಗೆ ಕಾಯಬೇಕಾಯಿತು.

1913ರಲ್ಲಿ ವಾಷಿಂಗ್ಟನ್‌ನಲ್ಲಿ ಮತದ ಹಕ್ಕಿಗಾಗಿ ದೊಡ್ಡ ಮೆರವಣಿಗೆ ನಡೆಯಿತು. ಷಿಕಾಗೋದಿಂದ ಬಂದ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ, ಕಪ್ಪು ಹೆಂಗಸರ ಜೊತೆ ಹಿಂದೆ ನಡೀರಿ ಅಂತ ಸಂಘಟಕರು ಅಂದರು. ವೆಲ್ಸ್ ಒಪ್ಪಲಿಲ್ಲ. ನೋಡುವವರ ಗುಂಪಿನಲ್ಲಿ ನಿಂತರು. ತಮ್ಮ ರಾಜ್ಯ ಇಲಿನಾಯ್ ತಂಡ ಎದುರಿಗೆ ಬಂದದ್ದೇ ತಡ, ಸಾಲಿನೊಳಗೆ ನುಗ್ಗಿ ಹೆಜ್ಜೆ ಹಾಕಿದರು. ಇದನ್ನು ಒಳಜಗಳ ಅಂತೀರಾ? ಹಿಂದೆ ತಳ್ಳಿಸಿಕೊಂಡವರು ಸುಮ್ನೆ ಇದ್ದರೆ ಅದು ಒಗ್ಗಟ್ಟು ಹೇಗಾಗುತ್ತದೆ?

ನನ್ನ ಮನಸ್ಸು ಯಾವತ್ತೂ ದುಡಿಯುವ ಹೆಂಗಸರ ಕಡೆಗೇ, ಅಂದರೆ ಸಮಾಜವಾದಿ ಸ್ತ್ರೀವಾದದ ಕಡೆಗೇ. ಮನೆಗೆಲಸವೂ ದುಡಿಮೆ, ಅದಕ್ಕೂ ಕೂಲಿ ಕೊಡಿ ಅಂತ 1972ರಲ್ಲಿ ಚಳವಳಿ ಶುರುವಾದಾಗ ತುಂಬಾ ಜನ ನಕ್ಕರು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್‌ನಲ್ಲಿ ನೂರಕ್ಕೆ ಸುಮಾರು 90 ಹೆಂಗಸರು ಕಚೇರಿಗೂ ಹೋಗಲಿಲ್ಲ, ಒಲೆಯೂ ಹಚ್ಚಲಿಲ್ಲ. ಶಾಲೆ ಮುಚ್ಚಿದವು. ಅಪ್ಪಂದಿರು ಮಕ್ಕಳನ್ನು ಕೆಲಸಕ್ಕೆ ಕರೆದುಕೊಂಡು ಹೋದರು. ಬೇಗ ಬೇಯುತ್ತದೆ ಅಂತ ಎಲ್ಲರೂ ಕೊಂಡು, ಅಂಗಡಿಗಳಲ್ಲಿ ಸಾಸೇಜ್ ಖಾಲಿಯಾಯಿತು. ಮರುವರ್ಷ ಅಲ್ಲಿ ಸಮಾನತೆಯ ಕಾನೂನು ಬಂತು. ಕಾನೂನನ್ನೂ ತಂದುಕೊಟ್ಟಿದ್ದು ಒಲೆ ಆರಿಸಿ ಬೀದಿಗಿಳಿದವರೇ ಅಲ್ವಾ?

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಮಾರ್ಚ್ 8ಕ್ಕೆ ಶುಭಾಶಯ, ರಿಯಾಯಿತಿ, ಗುಲಾಬಿ ಬಣ್ಣದ ಜಾಹೀರಾತು. ಮಹಿಳಾ ದಿನ ಬೇಕು ಅಂತ 1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಮುಂದಿಟ್ಟವರು ಸಮಾಜವಾದಿ ಕ್ಲಾರಾ ಜೆಟ್ಕಿನ್. 1917ರ ಮಾರ್ಚ್ 8ರಂದು ರಷ್ಯಾದ ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನ ಬಟ್ಟೆ ಗಿರಣಿಯ ಹೆಂಗಸರು ಬ್ರೆಡ್ ಕೇಳಿ ಕೆಲಸ ನಿಲ್ಲಿಸಿದರು. ಒಂದೇ ವಾರದಲ್ಲಿ ಅಲ್ಲಿನ ಚಕ್ರವರ್ತಿ ಝಾರ್ ಗದ್ದುಗೆ ಬಿಟ್ಟ. ಇದನ್ನೆಲ್ಲ ನಮ್ಮ ಪತ್ರಿಕೆಗಳು ಜಾಸ್ತಿ ಬರೆಯುವುದೇ ಇಲ್ಲ. ಸ್ತ್ರೀವಾದದ ಮೊದಲ ಅಲೆ (ಮತದ ಹಕ್ಕಿನ ಕಾಲ), ಎರಡನೇ ಅಲೆ (1960ರ ದಶಕದಿಂದಾಚೆ) ಅಂತ ಎಣಿಸಿ ಮುಗಿಸುತ್ತವೆ. ನೀವೂ ಅಂಥದ್ದನ್ನೇ ಓದಿದಂತಿದೆ, ಬೇಸರ ಮಾಡಿಕೊಳ್ಳಬೇಡಿ.

1977ರಲ್ಲಿ ಅಮೆರಿಕದ ಬಾಸ್ಟನ್‌ನ ಕಪ್ಪು ಹೆಂಗಸರ ಗುಂಪು ಕೊಂಬಾಹೀ ರಿವರ್ ಕಲೆಕ್ಟಿವ್ ಒಂದು ಹೇಳಿಕೆ ಬರೆಯಿತು. ಜನಾಂಗ, ವರ್ಗ, ಲಿಂಗ ಮೂರೂ ಒಟ್ಟಿಗೇ ಹೇಗೆ ತುಳಿಯುತ್ತವೆ ಅಂತ ಅದರಲ್ಲಿದೆ. ಕೆಲವೇ ಪುಟ. ಅದನ್ನು ಓದಿ, ಮತ್ತೆ ಬರೆಯಿರಿ. ಮುಂದಿನ ಪತ್ರಕ್ಕೂ ಜಾಗ ಇಟ್ಟಿರುತ್ತೇನೆ.