ಪವನಾ ದಡದಲ್ಲಿ ಮರಿಮೀನು ಯಾಕೆ ಕಾಣುತ್ತಿಲ್ಲ?

ಪುಣೆಯ ಪವನಾ ನದಿ ದಡದಲ್ಲಿ ಮಳೆಗಾಲದ ನಂತರ ಪುಂಟಿಯಸ್ (ಇಲ್ಲಿನದೇ ಸಣ್ಣ ಮೀನು) ಮರಿಗಳಿಲ್ಲ, ಬರೀ ಜಿಲೇಬಿ ಮೀನು (ಹೊರಗಿನಿಂದ ಬಂದ ತಿಲಾಪಿಯಾ) ಅಂದಿರಿ. ಅಣೆಕಟ್ಟಿನ ನೀರು ದಿಢೀರ್ ಇಳಿದು, ಮರಿಗಳು ಅಡಗುವ ದಡದ ಹುಲ್ಲು ಒಣಗಿರುವ ಸಾಧ್ಯತೆ ಜಾಸ್ತಿ. ಪುಂಟಿಯಸ್ ಮೊಟ್ಟೆ ಚೆಲ್ಲಿ ಹೋಗುತ್ತದೆ, ಕಾಯುವುದಿಲ್ಲ. ಜಿಲೇಬಿ ತಾಯಿ ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ. ಹಾಗಾಗಿ ಉಳಿದ ಜಾಗವೂ ಅದರದ್ದೇ. ಚರಂಡಿ ನೀರಿನ ಪಾಲೂ ಇರಬಹುದು, ನೋಡದೆ ಹೇಳಲಾಗದು.

ಮೊದಲು, ನೀರು ಇಳಿದ ತಕ್ಷಣ ದಡದ ಗುಂಡಿಗಳನ್ನು ನೋಡಿ. ಬೆನ್ನಿನ ರೆಕ್ಕೆ ಉದ್ದವಾಗಿದ್ದು, ಅದರ ಹಿಂಬದಿಯಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಜಿಲೇಬಿ ಮರಿ. ಪುಂಟಿಯಸ್ ಸಿಕ್ಕರೆ ಬಕೆಟ್‌ನಲ್ಲಿ ಹೊಳೆಗೆ ದಾಟಿಸಿ. ಆಮೇಲೆ ತಾರೀಖು, ನೀರಿನ ಮಟ್ಟ ಬರೆದು, ನೀರನ್ನು ನಿಧಾನವಾಗಿ ಇಳಿಸಿ ಅಂತ ನೀರಾವರಿ ಇಲಾಖೆಗೆ ಅರ್ಜಿ ಕೊಡಿ. ದಡದ ಹುಲ್ಲು ಕೀಳಿಸಬೇಡಿ. ಪೇಟೆಯ ಮರಿ ತಂದು ಬಿಡುವ ಯೋಚನೆ ದಯವಿಟ್ಟು ಬೇಡ. ಅದರಲ್ಲಿ ಬೇರೆ ಮೀನುಗಳನ್ನು ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಬೆರೆತಿರಬಹುದು.