ಎಂಜಿನ್ ನಂಬರ್ ಉಜ್ಜುವ ಮುನ್ನ

ಪ್ರಶ್ನೆ: ಕಾಫಿ ತೋಟದ ಕೆಲಸಕ್ಕೆ ಹಳೆಯ ಡೀಸೆಲ್ ಜೀಪೊಂದನ್ನು ನೋಡಿದ್ದೇವೆ. ಎಂಜಿನ್ ಮೇಲೆ ಎರಡು ಕಡೆ ನಂಬರ್ ಇದೆ. ಒಂದು ಆರ್‌ಸಿಗೆ (ನೋಂದಣಿ ಪತ್ರಕ್ಕೆ) ಹೊಂದುವುದಿಲ್ಲ, ಇನ್ನೊಂದು ತುಕ್ಕು ಹಿಡಿದು ಓದಲಾಗುತ್ತಿಲ್ಲ. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಉಜ್ಜಬೇಡಿ. ಪಂಚ್ ಮಾಡಿದ ಅಕ್ಷರಗಳ ಆಳ ತೀರಾ ಕಡಿಮೆ. ಸ್ಯಾಂಡ್‌ಪೇಪರ್, ಗ್ರೈಂಡರ್ ತಗುಲಿದರೆ ಸವೆದುಹೋಗುತ್ತವೆ. ಆಮೇಲೆ ಅದನ್ನು ನೋಡುವ ಇನ್‌ಸ್ಪೆಕ್ಟರ್‌ಗೆ ಬೇಕೆಂದೇ ಅಳಿಸಿದಂತೆ ಕಾಣುತ್ತದೆ.

ಎರಡು ನಂಬರ್‌ಗಳ ಮೇಲೂ ಬೆರಳಾಡಿಸಿ ನೋಡಿ. ಉಬ್ಬಿಕೊಂಡಿರುವುದು ಬೀಡು ಎರಕ ಹೊಯ್ಯುವಾಗಲೇ ಮೂಡಿದ ಕಾಸ್ಟಿಂಗ್ ನಂಬರ್. ಆರ್‌ಸಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ನಂಬರ್ ತಗ್ಗಾಗಿ, ಸಾಮಾನ್ಯವಾಗಿ ನುಣುಪು ಮಾಡಿದ ಪುಟ್ಟ ಪಟ್ಟಿಯ ಮೇಲೆ ಕೊರೆದಿರುತ್ತದೆ. ನಿಮ್ಮಲ್ಲಿ ತುಕ್ಕು ಹಿಡಿದಿರುವುದೇ ಅಸಲಿ ಇರಬಹುದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಅರ್ಧ ಗಂಟೆ ಅಲ್ಲಿಯೇ ಒತ್ತಿಡಿ. ನಮ್ಮ ಮಳೆಗಾಲದ ಕೆಂಪು ಕೆಸರು ಆಯಿಲ್ ಜೊತೆ ಸೇರಿ ಕಟ್ಟಿದ ಹೊಪ್ಪಳೆ ಮೆತ್ತಗಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಒಣಗಿಸಿ, ಸೀಮೆಸುಣ್ಣ ಬಳಿದು ಮೇಲಿನದನ್ನು ಒರೆಸಿ. ಪುಡಿ ತಗ್ಗಿನಲ್ಲಿ ಮಾತ್ರ ಉಳಿದು ಅಕ್ಷರ ಬೆಳ್ಳಗೆ ಏಳುತ್ತದೆ. ಟಾರ್ಚನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೊ ತೆಗೆಯಿರಿ. ಪೆನ್ಸಿಲ್ ಪ್ರಿಂಟ್ (ಕಾಗದದ ಮೇಲೆ ನಂಬರ್‌ನ ಅಚ್ಚು) ಬೇಕಾದರೆ ಸುಣ್ಣ ಒರೆಸಿ, ತೆಳು ಕಾಗದವನ್ನು ಟೇಪ್‌ನಿಂದ ಬಿಗಿದು, ಮೆದು ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜಿ.

ಒಂದೊಂದೇ ಅಕ್ಷರ ಹೋಲಿಸಿ. 8 ಮತ್ತು ಬಿ, 5 ಮತ್ತು ಎಸ್, 0 ಮತ್ತು ಓ ಅದಲುಬದಲಾಗುವುದು ಹೆಚ್ಚು. ವ್ಯತ್ಯಾಸ ಇಷ್ಟೇ ಆಗಿದ್ದರೆ, ಆರ್‌ಸಿ ತಿದ್ದಿಸಿಕೊಡುವಂತೆ ಮಾರುವವರನ್ನೇ ಕೇಳಿ. ಇಡೀ ನಂಬರ್ ಬೇರೆಯಾಗಿದ್ದರೆ ಮುಂಗಡ ಕೊಡಬೇಡಿ.

ಪ್ರಶ್ನೆ: ಎಂಜಿನ್ ನಂಬರ್ ನೋಡಿ ಗಾಡಿಯ ವರ್ಷ ತಿಳಿಯಬಹುದೇ? ಬೈಕ್‌ನಲ್ಲಿ ಅದು ಎಲ್ಲಿರುತ್ತದೆ?
– ಓದುಗರು, ವಿರಾಜಪೇಟೆ

ಉತ್ತರ: ಎಂಜಿನ್ ನಂಬರ್‌ಗೆ ಎಲ್ಲ ಕಂಪನಿಗಳಿಗೂ ಒಪ್ಪುವ ಸೂತ್ರವಿಲ್ಲ. ಮೊದಲ ಭಾಗ ಹೆಚ್ಚಾಗಿ ಎಂಜಿನ್‌ನ ಜಾತಿ, ಉಳಿದದ್ದು ಕ್ರಮಸಂಖ್ಯೆ. ಮಾರುತಿ ಜಿಪ್ಸಿಯ 'ಜಿ13ಬಿಬಿ'ಯಲ್ಲಿ 13 ಅಂದರೆ ಎಂಜಿನ್ ಗಾತ್ರ 1.3 ಲೀಟರ್, ಅಷ್ಟೇ. ವರ್ಷಕ್ಕೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳನ್ನೇ ನಂಬಿ. ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ನಂಬರ್, ಬೇರೆ; ಈಗಿನ ಗಾಡಿಗಳಲ್ಲಿ ಅದಕ್ಕೆ 17 ಅಕ್ಷರ. ಐ, ಓ, ಕ್ಯೂ ಬಳಸುವುದಿಲ್ಲ.

ಬೈಕ್‌ನಲ್ಲಿ ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸ್‌ನ (ಎಂಜಿನ್‌ನ ಕೆಳಗಿನ ಲೋಹದ ಕವಚದ) ಕೆಳಭಾಗ, ಬಹುಪಾಲು ಗೇರ್ ಪೆಡಲ್ ಇರುವ ಎಡಬದಿಯಲ್ಲಿ ಹುಡುಕಿ. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲಿರುವುದು ಚಾಸಿ ನಂಬರ್; ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಪಿಕಪ್‌ಗೆ ಸೆಕೆಂಡ್‌ಹ್ಯಾಂಡ್ ಎಂಜಿನ್ ಕೂರಿಸಲು ಗ್ಯಾರೇಜ್‌ನವರು ಹೇಳುತ್ತಿದ್ದಾರೆ. ತೊಂದರೆ ಇದೆಯೇ?
– ಓದುಗರು, ಗೋಣಿಕೊಪ್ಪ

ಉತ್ತರ: ಕೂರಿಸುವುದಕ್ಕಿಂತ ದಾಖಲೆ ಕಷ್ಟ. ಆ ಎಂಜಿನ್ ಯಾವ ಗಾಡಿಯದು, ಅದರ ಆರ್‌ಸಿ ಪ್ರತಿ ಮತ್ತು ಬಿಲ್ ಎಲ್ಲಿ ಎಂದು ಮೊದಲು ಕೇಳಿ. ಕಳವಿನ ಗಾಡಿಯದಾದರೆ ಕೇಸ್ ನಿಮ್ಮ ತಲೆಗೆ ಬರುತ್ತದೆ. ಬಿಚ್ಚುವ ಮುನ್ನವೇ ಮಡಿಕೇರಿ ಆರ್‌ಟಿಒದಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಆರ್‌ಸಿಯಲ್ಲಿ ಹೊಸ ನಂಬರ್ ಬಂದ ಕೂಡಲೇ ವಿಮಾ ಪಾಲಿಸಿಯಲ್ಲೂ ಬದಲಿಸಿ. ಹಳೆಯ ನಂಬರೇ ಉಳಿದರೆ ಅಪಘಾತದ ಕ್ಲೇಮ್ ವೇಳೆ ಸರ್ವೇಯರ್ ಮೊದಲು ಕೇಳುವುದೇ ಅದನ್ನು.